ಅವಿಭಾಜ್ಯ ಗಂಟೆಗಳು

ಗಣಿತ ಕಲಿತವರ ಬಗ್ಗೆ ನನಗೆ ಗೌರವ ಕಡಿಮೆ. ನಾನೂ ಅದನ್ನೇ ಕಲಿತವನಾದ್ದರಿಂದ ಸಂಕೋಚವಿಲ್ಲದೆ ಹೇಳಬಲ್ಲೆ. ಪಂಚಾಂಗ ಹೇಳುವ ಮನೆತನದಲ್ಲಿ ಹುಟ್ಟಿ, ಪುಣೆಯಲ್ಲಿ ಓದಿ, ಬೈಲಹೊಂಗಲದ ಹೈಸ್ಕೂಲಿಗೆ ಮಾಸ್ತರನಾಗಿ ಬಂದಾಗ, ಊರಿಗೆ ನನ್ನಂಥವನ ಅಗತ್ಯವಿದೆಯೆಂದು ಗಟ್ಟಿಯಾಗಿ ನಂಬಿದ್ದೆ. ಊರಿಗೆ ಮಾತ್ರ ಅದು ತಿಳಿದಿರಲಿಲ್ಲ.

ಯುದ್ಧ ಮುಗಿದ ಮೇಲೆ ದಂಡಿನವರು ಮಾರಿದ ಹಳೆಯ ಟೆಲಿಫೋನುಗಳಲ್ಲಿ ನಾಲ್ಕನ್ನು ಅರಳೆ ವ್ಯಾಪಾರಿ ಶಿವಬಸಪ್ಪನವರು ತಂದರು. ಅವರ ಮನೆ, ಅಂಗಡಿ, ಹತ್ತಿ ಹಿಂಜುವ ಜಿನ್ನು, ಡಾಕ್ಟರ ದವಾಖಾನೆ ಇವಿಷ್ಟನ್ನೂ ತಂತಿಯಿಂದ ಜೋಡಿಸಬೇಕಿತ್ತು. ನಾಲ್ಕು ಬಿಂದುಗಳನ್ನು ಕೂಡಿಸಲು ಮೂರು ಗೆರೆ ಸಾಕು, ನಾಲ್ಕನೆಯದನ್ನು ಎಳೆದರೆ ಬರೀ ಬಳೆಯಾಗುತ್ತದೆ, ಅದು ದಂಡ ಎಂದು ಅವರಿಗೆ ಅರ್ಧ ದಿನ ಪಾಠ ಹೇಳಿದೆ. ತಂತಿ ಕೆಲಸ ಬಲ್ಲ ಸಂಗೊಳ್ಳಿಯ ಮಾನಪ್ಪ ಕಂಬ ಹತ್ತಿ ನಾನು ಹೇಳಿದಂತೆ ತಂತಿ ಎಳೆದ.

ಎಲ್ಲವೂ ಒಂದೇ ಎಳೆಯಲ್ಲಿದ್ದುದರಿಂದ ಯಾವ ಫೋನಿನ ಹಿಡಿಕೆ ತಿರುವಿದರೂ ಉಳಿದೆಲ್ಲ ಕಡೆ ತಿರುವಿದಷ್ಟು ಸಲ ಗಂಟೆ ಹೊಡೆಯುತ್ತಿತ್ತು. ಎತ್ತಿಕೊಳ್ಳಬೇಕಾದವರು ಯಾರು? ಅದಕ್ಕೂ ನನ್ನ ಬಳಿ ಉತ್ತರವಿತ್ತು. ಜಿನ್ನಿಗೆ ಎರಡು ಗಂಟೆ, ಅಂಗಡಿಗೆ ಮೂರು, ಡಾಕ್ಟರಿಗೆ ಐದು, ಮನೆಗೆ ಏಳು. ಅವಿಭಾಜ್ಯ ಸಂಖ್ಯೆಗಳು, ಒಂದರಿಂದ ಇನ್ನೊಂದು ಭಾಗವಾಗದು, ಆದ್ದರಿಂದ ಗೊಂದಲವೇ ಇಲ್ಲವೆಂದೆ. ಕೇಳಿದವರು ತಲೆದೂಗಿದರು. ಅರ್ಥವಾಗದ್ದಕ್ಕೆ ತಲೆದೂಗುವುದು ನಮ್ಮ ಕಡೆಯ ಸೌಜನ್ಯ.

ಒಂದು ಮಧ್ಯಾಹ್ನ, ಹೆರಿಗೆಗೆ ತವರಿಗೆ ಬಂದಿದ್ದ ಶಿವಬಸಪ್ಪನವರ ಮಗಳಿಗೆ ನೋವು ಕಾಣಿಸಿತು. ಕೂಸು ಅಡ್ಡ ಇದೆ, ಡಾಕ್ಟರನ್ನು ಕರೆಸಿರಿ ಎಂದಳು ಸೂಲಗಿತ್ತಿ. ತಾಯಿ ಗಂಗವ್ವ ಹಿಡಿಕೆಯನ್ನು ಎರಡು ಸಲ ತಿರುವಿದರು, ಒಳಗೆ ಮಗಳು ಚೀರಿದಳೆಂದು ಅತ್ತ ತಿರುಗಿದರು. ಮರಳಿ ಬಂದು ಐದು ತುಂಬಿಸಲು ಇನ್ನೂ ಮೂರು ಸಲ ತಿರುವಿದರು. ಎರಡಕ್ಕೆ ಜಿನ್ನಿನ ಮುನೀಮ ಎತ್ತಿಕೊಂಡ, ಮೂರಕ್ಕೆ ಅಂಗಡಿಯ ಗುಮಾಸ್ತ. ತನ್ನನ್ನು ಕರೆದವನು ಇವನೇ ಎಂದು ಇಬ್ಬರೂ ತಿಳಿದು, ಅರಳೆ ತೊಯ್ದಿದೆಯೋ ಇಲ್ಲವೋ ಎಂದು ವಾದಕ್ಕಿಳಿದರು. ಮಾತಾಡುವಾಗ ಒತ್ತಬೇಕಾದ ಗುಂಡಿಯನ್ನು ಗಂಗವ್ವ ಗಾಬರಿಯಲ್ಲಿ ಮರೆತಿದ್ದರು. ಅವರ ಕೂಗು ಯಾರಿಗೂ ಕೇಳಿಸಲಿಲ್ಲ. ಎರಡು, ಮೂರು ಎಂದು ಎಣಿಸಿದ ಡಾಕ್ಟರು, ಎರಡೂ ತಮ್ಮದಲ್ಲವೆಂದು ರೊಟ್ಟಿ ಮುರಿಯುತ್ತ ಕುಳಿತಿದ್ದರು.

ಗಂಗವ್ವ ಫೋನನ್ನು ಅಲ್ಲೇ ಬಿಟ್ಟು, ಬರಿಗಾಲಲ್ಲಿ ಎರಡು ಓಣಿ ದಾಟಿ, ಎಂಜಲುಗೈಯಲ್ಲಿದ್ದ ಡಾಕ್ಟರನ್ನು ಎಬ್ಬಿಸಿಕೊಂಡು ಬಂದರು. ಬಾಣಂತಿಯೂ ಕೂಸೂ ಉಳಿದರು. ಇನ್ನಷ್ಟು ತಡವಾಗಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಡಾಕ್ಟರು ನನ್ನೆದುರೇ ಹೇಳಿದರು.

ಮರುದಿನ ಗಂಗವ್ವ ನನ್ನನ್ನು ಕರೆಸಿ, ಚಹಾ ಕೊಟ್ಟು ಕೇಳಿದರು: "ಮಾಸ್ತರ, ನಿಮ್ಮ ಸಂಖ್ಯಾ ಭಾಗ ಆಗೂದಿಲ್ಲ ಅಂದಿದ್ರಿ. ಖರೇ. ಎರಡು ಮೂರು ಕೂಡಿಸಿದ್ರ ಎಷ್ಟ ಆಗ್ತೈತ್ರಿ?"

"ಐದ್ರಿ" ಎಂದೆ. ಪುಣೆಯ ಯಾವ ಪರೀಕ್ಷೆಯಲ್ಲೂ ನನ್ನ ದನಿ ಅಷ್ಟು ಇಳಿದಿರಲಿಲ್ಲ.

"ಅಷ್ಟ ನೋಡ್ರಿ. ಭಾಗಾಕಾರ ಮಾಡೂ ಪುರಸೊತ್ತ ಯಾರಿಗಿರತೈತಿ? ಡಾಕ್ಟರಿಗೆ ಒಂದ ಬ್ಯಾರೆ ತಂತಿ, ಒಂದ ಗಂಟಿ. ಮಾತ ಬ್ಯಾಡ. ಬಾರಿಸಿದ್ರ ಎದ್ದ ಬರಬೇಕು."

ಮಾನಪ್ಪ ಆ ದಿನವೇ ತಂತಿ ತಂದ. ಏಣಿ ಹಿಡಿಯಲು ಯಾರೂ ಇರಲಿಲ್ಲ, ನನ್ನನ್ನು ಕರೆದ. ಹೋಗಿ, ಅಲುಗಾಡದಂತೆ ಗಟ್ಟಿಯಾಗಿ ಹಿಡಿದುಕೊಂಡೆ. ಆ ಊರಿನ ಟೆಲಿಫೋನಿಗಾಗಿ ನಾನು ಮಾಡಿದ ಕೆಲಸಗಳಲ್ಲಿ ತಪ್ಪಿಲ್ಲದ್ದು ಅದೊಂದೇ.