ತಿಪ್ಪವ್ವನ ಅಳತೆಯ ಬಳೆ

ತಾಳಿಕೋಟೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕಾಶಿಬಾಯಿ ಅಂಗಳದಲ್ಲಿ ಗೋಣಿತಟ್ಟು ಹಾಸಿಕೊಂಡು ಕೂತು, ಗಾಜಿನ ಬಳೆಗಳನ್ನು ಒಂದೊಂದಾಗಿ ಉಗುರಿನಿಂದ ಮೀಟಿ ಕಿವಿಯ ಹತ್ತಿರ ಹಿಡಿಯುತ್ತಾರೆ. ಗಟ್ಟಿಯಿದ್ದದ್ದು ಟಿಣ್ಣೆನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಮಂಕಾಗುತ್ತದೆ. ಮಂಕಾದದ್ದು ಪಕ್ಕಕ್ಕೆ, ಉಳಿದದ್ದು ಹಗ್ಗಕ್ಕೆ. ಹೀಗೆ ಪೋಣಿಸಿದ ಬಳೆಗಳ ಕಂತೆಗೆ ಮಲಾರ ಎನ್ನುತ್ತಾರೆ. ಅದನ್ನು ಹೆಗಲಿಗೇರಿಸಿಕೊಂಡು ಅವರು ನಾಲತವಾಡದ ಕಡೆಯ ಮೊದಲ ಬಸ್ಸು ಹಿಡಿಯುತ್ತಾರೆ. ಕಂಡಕ್ಟರ್ ಖಂಡೆಪ್ಪ ಮುಂದಿನ ಸೀಟು ಬಿಡಿಸಿಕೊಡುತ್ತಾನೆ. ಇದು ಬರೀ ಗೌರವವಲ್ಲ. ಹಿಂದೊಮ್ಮೆ ಕಡೆಯ ಸೀಟಿನಲ್ಲಿ ಕೂತಾಗ ಹಳ್ಳ ದಾಟುವಷ್ಟರಲ್ಲಿ ಅರ್ಧ ಮಲಾರ ಪುಡಿಯಾಗಿತ್ತು, ಊರು ಮುಟ್ಟುವ ತನಕ ಬೈಗುಳ ತಿಂದವನು ಅವನೇ.

ಕಾಶಿಬಾಯಿಗೆ ಐವತ್ತರ ಆಸುಪಾಸು. ಮದುವೆಯಾಗಿ ಬಂದ ವರ್ಷವೇ ಅತ್ತೆ ಹೆಗಲಿಗೆ ಮಲಾರ ಏರಿಸಿದರಂತೆ. ಒಬ್ಬ ಮಗಳನ್ನು ಇಂಡಿಗೆ, ಇನ್ನೊಬ್ಬಳನ್ನು ಬಸವನ ಬಾಗೇವಾಡಿಗೆ ಕೊಟ್ಟಿದ್ದಾರೆ. ಸಾವಿರದ ಒಂಬೈನೂರ ಎಪ್ಪತ್ತೆಂಟರ ಈ ಹೊತ್ತಿಗೆ ಸಿಂದಗಿ ಸಂತೆಯಲ್ಲೂ ಪ್ಲಾಸ್ಟಿಕ್ ಬಳೆ ರಾಶಿ ಬಿದ್ದಿದೆ. ಆದರೂ ಇವರ ದಾರಿ ಕಾಯುವ ಓಣಿಗಳಿವೆ.

"ಕೈ ಹಿಚಗಿ ಹಿಚಗಿ ಮೆತ್ತಗ ಮಾಡಬೇಕ್ರಿ ಅಣ್ಣಾರ. ಅಷ್ಟೊತ್ತು ಮಾತಾಡಸಬೇಕ. ಮಾತಿನ್ಯಾಗ ಇದ್ರ ಹೆಣಮಕ್ಕಳು ಕೈ ಬಿಗಿ ಹಿಡ್ಯಂಗಿಲ್ಲ. ಹಡದ ಕೈ, ಬಸರಿ ಕೈ, ರೊಟ್ಟಿ ಬಡದ ಕೈ, ಎಲ್ಲಾ ಹಿಡದೇನಿ. ಅಳತಿ ಇಲ್ಲಂತ ಯಾರನ್ನೂ ತಿರುಗಿ ಕಳಿಸಿಲ್ಲ."

ಇಷ್ಟು ಹೇಳಿ ಅವರು ಮುಖ ತಿರುಗಿಸುತ್ತಾರೆ. ಒಂದು ಮನೆಯಲ್ಲಿ ಮಾತ್ರ ಪ್ರತಿ ಸಲವೂ ಅಳತೆ ಇಲ್ಲವೆಂದೇ ಹೇಳಿ ಬರುತ್ತಾರೆ. ಈ ಲೇಖನದಲ್ಲಿ ಆ ಊರಿನ ಹೆಸರು ಬರೆಯಬೇಡಿ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಬರೆಯುವುದಿಲ್ಲ.

ಆ ಮನೆಯ ಹಿರಿಯಳು ತಿಪ್ಪವ್ವ. ಎಂಬತ್ತು ದಾಟಿದೆ, ಅರಳು ಮರಳು ಹಿಡಿದಿದೆ. ಗಂಡ ತೀರಿಹೋಗಿ ಎಷ್ಟೋ ಕಾಲವಾಯಿತು. ಆದರೆ ತಿಪ್ಪವ್ವನ ಲೆಕ್ಕದಲ್ಲಿ ಅವರು ಸಂತೆಗೆ ಹೋಗಿದ್ದಾರೆ, ಇನ್ನೇನು ಬರುತ್ತಾರೆ. ಬಂದವರು ತನ್ನ ಬರಿಗೈ ನೋಡಬಾರದು. ಆಕೆಗಿರುವುದು ಇದೊಂದೇ ಚಿಂತೆ.

ಗಂಡ ಸತ್ತವಳ ಕೈಗೆ ಗಾಜಿನ ಬಳೆ ಇಡುವ ರೂಢಿ ಇಲ್ಲಿಲ್ಲ. ಇಟ್ಟರೆ ಅದೇ ಮಲಾರದ ಬಳೆಯನ್ನು ಉಳಿದ ಹೆಂಗಸರು ಮುಟ್ಟುವುದಿಲ್ಲ. ಹಾಗಾಗಿ ಎರಡು ವರ್ಷದ ಹಿಂದೆ ತಿಪ್ಪವ್ವ ಮೊದಲ ಬಾರಿ ಎದುರಿಗೆ ಕೂತು ಕೈ ಚಾಚಿದಾಗ ಕಾಶಿಬಾಯಿ ಬೆದರಿದರು.

"ಓಣಿ ಮಂದಿ ಎಲ್ಲಾ ನೋಡಾಕತ್ತಿದ್ರು. ನನಗ ದಿಗಿಲಾತು. ಆಯಿ, ನಿಮ್ಮ ಮನಿಯವ್ರು ತೀರಿಹೋಗ್ಯಾರಲ್ಲ, ನಿಮಗ ಬಳಿ ಇಡಾಕ ಬರಂಗಿಲ್ಲ ಅಂದಬಿಟ್ಟೆ."

ತಿಪ್ಪವ್ವನಿಗೆ ಆ ಸುದ್ದಿ ಮುಟ್ಟಿದ್ದು ಆ ಗಳಿಗೆಯಲ್ಲಿ. ಯಾವಾಗ ಹೋದರು, ನನಗ್ಯಾಕೆ ಹೇಳಲಿಲ್ಲ ಎಂದು ಕಂಬಕ್ಕೆ ಹಣೆ ಬಡಿದುಕೊಂಡು ಅತ್ತಳು. ಊಟದ ಹೊತ್ತಿಗೆ ಸುದ್ದಿ ಮರೆತುಹೋಯಿತು, ಅಳು ನಿಲ್ಲಲಿಲ್ಲ. "ನಾ ಯಾಕ ಅಳಾಕತ್ತೇನಿ?" ಎಂದು ಸೊಸೆಯನ್ನು ಕೇಳುತ್ತಿದ್ದಳಂತೆ.

"ನಾ ಹೇಳಿದ್ದು ಖರೇನ ಐತ್ರಿ. ಆದ್ರ ಆ ಮುದುಕಿ ಗಂಡನ್ನ ನಾನ ಕೊಂದಂಗಾತು," ಎನ್ನುತ್ತಾರೆ ಕಾಶಿಬಾಯಿ.

ಮುಂದಿನ ಸಲ ಹೋದಾಗ ಮತ್ತದೇ ಎರಡು ಕೈ. ಈ ಬಾರಿ ಅವರು ಸುಮ್ಮನೆ ಹಿಡಿದುಕೊಂಡರು. ಎಲ್ಲರ ಕೈಯಂತೆ ಹಿಚುಕಿದರು, ಬೆರಳಿಗೊಂದು ಬಳೆ ಏರಿಸಿ ಇಳಿಸಿದರು, ನಿಮ್ಮ ಅಳತೆಯ ಬಳೆ ತೀರಿದೆ ಎಂದರು. ಅಂದಿನಿಂದ ಅದೇ ನಡೆದಿದೆ. ನಾನು ಹೋದ ದಿನವೂ ಕಟ್ಟೆಯ ಮೇಲೆ ಅದೇ ಮಾತು.

"ಲಗೂನ ಇಡ ಯವ್ವಾ. ಅವರು ಸಂತಿಯಿಂದ ಬರೂ ಹೊತ್ತಾತು."

"ಎತ್ತು ಮಾರಾಕ ಹೋಗ್ಯಾರೇನ್ರಿ ಆಯಿ?"

"ಮಾರಾಕ ಯಾಕ? ಕೊಳ್ಳಾಕ. ನಮ್ಮ ಕರಿ ಎತ್ತಿಗೆ ಜೋಡಿ ಬೇಕಲ್ಲ."

"ಹಂಗಾದ್ರ ತಡಾ ಆಗತೈತಿ ಬಿಡ್ರಿ. ಜೋಡಿ ಎತ್ತು ಲಗೂನ ಸಿಗೂದಿಲ್ಲ."

ತಿಪ್ಪವ್ವ ಹೌದೆಂದು ತಲೆಯಾಡಿಸುತ್ತಾಳೆ. ಎತ್ತಿನ ಕೊಂಬು, ಅದರ ಸಿಟ್ಟು, ಹೊಸಬಳಾಗಿ ಬಂದಾಗ ಅದು ತನ್ನನ್ನು ಹಾಯಲು ಬಂದದ್ದು, ಎಲ್ಲ ಹೊರಗೆ ಬರುತ್ತದೆ. ಆಕೆ ಇಷ್ಟು ಮಾತಾಡುವುದು ಮಲಾರ ಬಂದ ದಿನ ಮಾತ್ರ.

ಸೊಸೆ ರೇವವ್ವ ಬಾಗಿಲ ಹಿಂದೆಯೇ ನಿಂತು ನನ್ನೊಡನೆ ಮಾತಾಡುತ್ತಾಳೆ. "ಮುತ್ತೈದೇರ ನಡುವ ಅತ್ತಿ ಹಿಂಗ ಕೈ ಚಾಚಿದ್ರ ನಾ ಮಾರಿ ಎಲ್ಲಿ ಇಟಗೊಳ್ಳಲ್ರಿ? ಮೊದಮೊದಲ ಒಳಗ ಹಾಕಿ ಚಿಲಕಾ ಹಾಕತಿದ್ದೆ. ಕಿಡಕ್ಯಾಗ ಕೈ ಹಾಕಿ ಒದರೂದು ಕೇಳಿ ಅದೂ ನಾಚಿಕಿ ಆತು." ಮುದ್ದೇಬಿಹಾಳದಿಂದ ಪ್ಲಾಸ್ಟಿಕ್ ಬಳೆ ತರಿಸಿಯೂ ನೋಡಿದಳಂತೆ. ತಿಪ್ಪವ್ವ ಕೈ ಅಲ್ಲಾಡಿಸಿ, ಸಪ್ಪಳ ಬರಲಿಲ್ಲವೆಂದು ದನದ ಗೋದಲಿಗೆ ಎಸೆದಳು.

ಅಂದು ಕಟ್ಟೆಯ ಮೇಲೆ ನೆರೆಮನೆಯ ಬಸಣ್ಣನ ಮಗಳೂ ಇದ್ದಳು. ಏಳು ತಿಂಗಳ ಬಸುರಿ, ಮರುದಿನ ಕುಬಸದ ಕಾರ್ಯ, ಅಂದರೆ ಸೀಮಂತ, ಹಸಿರು ಬಳೆ ಇಡಿಸಿಕೊಳ್ಳಬೇಕು. ಅವಳ ಸರದಿಗೂ ಮೊದಲು ತಿಪ್ಪವ್ವ ಕೈ ಚಾಚಿದ್ದಳು. ಎತ್ತಿನ ಮಾತು ಮುಗಿದು ಇನ್ನೇನು ಅಳತೆ ಇಲ್ಲವೆನ್ನುವ ಹೊತ್ತಿಗೆ ರೇವವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಕಾಶವ್ವ, ಇವತ್ತ ಇಟ್ಟಬಿಡ. ಅನ್ನೋರು ನನಗ ಅನ್ನಲಿ."

ನನ್ನ ಲೇಖನಕ್ಕೆ ಒಳ್ಳೆಯ ಮುಕ್ತಾಯ ಸಿಕ್ಕಿತೆಂದು ನಾನು ಒಳಗೊಳಗೇ ಹಿಗ್ಗಿದೆ. ಕಾಶಿಬಾಯಿ ಎರಡು ಹಸಿರು ಬಳೆ ಬಿಚ್ಚಿ ತಿಪ್ಪವ್ವನ ಬೆರಳಿನ ಗೆಣ್ಣಿನ ತನಕ ತಂದರು. ತಂದು ಒಮ್ಮೆ ತಲೆಯೆತ್ತಿ ನೋಡಿದರು. ಬಸುರಿ ಹುಡುಗಿ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು.

ಬಳೆ ಅಲ್ಲೇ ನಿಂತಿತು.

"ಅಳತಿ ಬರವಲ್ದು ಆಯಿ. ಮುಂದಿನ ಸಲ ತರ್ತೇನಿ."

ಆ ಬಡಕಲು ಕೈಗೆ ಅದು ಸಲೀಸಾಗಿ ಏರುತ್ತಿತ್ತು, ನೋಡಿದವರಿಗೆಲ್ಲ ಗೊತ್ತಾಯಿತು. ರೇವವ್ವ ಒಳಗೆ ಹೋದಳು. ತಿಪ್ಪವ್ವನೇ ಕಾಶಿಬಾಯಿಯ ಗದ್ದ ಹಿಡಿದು ಸಮಾಧಾನ ಹೇಳಿದಳು. "ಇರಲಿ ಬಿಡ ಯವ್ವಾ. ಬಿಸಲಾಗ ಬಂದೀದಿ, ನೀರ ಕುಡದ ಹೋಗು." ಹುಡುಗಿಯ ಕೈಗೆ ಬಳೆ ಇಟ್ಟು ಮುಗಿಸುವ ತನಕ ಕಾಶಿಬಾಯಿ ಯಾರ ಮುಖವನ್ನೂ ನೋಡಲಿಲ್ಲ.

ಬಸ್ಸಿಗೆ ಕಾಯುವಾಗ ಬೇವಿನ ನೆರಳಿನಲ್ಲಿ ಅವರೇ ಮಾತು ತೆಗೆಯುತ್ತಾರೆ. "ಸೊಸೀನ ಹೂಂ ಅಂದ್ಳಲ್ರಿ. ಇನ್ನೇನ ಬೇಕಿತ್ತು ನನಗ? ಆ ಹುಡುಗಿಗೆ ನಾಳೆ ಏನರ ಆದ್ರ ನನ್ನ ಮಲಾರದ ಹೆಸರ ಬರತೈತಿ ಅನ್ನೂದೊಂದ ನೆನಪಾತು. ಮುದುಕಿ ಕೈ ನನ್ನ ಕೈಯಾಗಿತ್ತು, ನಾ ನನ್ನ ಯಾಪಾರದ ವಿಚಾರ ಮಾಡಾಕತ್ತಿದ್ದೆ. ನಾಚಿಕಿ ಆಗತೈತ್ರಿ." ನಾನು ಏನೋ ಸಮಾಧಾನ ಹೇಳಲು ಹೋಗುತ್ತೇನೆ, ಅವರಿಗದು ಬೇಕಿಲ್ಲ.

ಇಂಥ ಬರಹದ ಕೊನೆಯಲ್ಲಿ ನಿಮ್ಮ ಆಸೆಯೇನು ಎಂದು ಕೇಳುವುದು ನಮ್ಮ ವಾಡಿಕೆ. ಕೇಳುತ್ತೇನೆ. ದೂರದಲ್ಲಿ ಬಸ್ಸಿನ ಧೂಳು ಕಾಣುತ್ತದೆ. ಕಾಶಿಬಾಯಿ ಮಲಾರ ಹೆಗಲಿಗೇರಿಸಿ ನನ್ನ ಕಡೆ ತಿರುಗುತ್ತಾರೆ.

"ನೀವು ಬರ್ಯೋ ಮಂದಿ. ಓದಾಕ ಚಂದ ಇರಲಿ ಅಂತ, ಕಡೀಕ ಕಾಶಿಬಾಯಿ ಬಳಿ ಇಟ್ಲು ಅಂತ ಬರದೀರಿ ಮತ್ತ. ಹಂಗ ಬರೀಬ್ಯಾಡ್ರಿ ಅಣ್ಣಾರ. ನಾ ಇಟ್ಟಿಲ್ಲ."