ಡಿಸ್ಕಿನಲ್ಲಿ ಬಿಟ್ಟ ಜಾಗ

ಕಂಪ್ಯೂಟರಿನ ಸಿ ಡ್ರೈವ್ ತುಂಬಿದಾಗ ಒಂದು ಕೆಂಪು ಗೆರೆ ಬರುತ್ತದೆ, ನೀವೂ ಕಂಡಿರುತ್ತೀರಿ. ಈ ಭಾನುವಾರ ಮಧ್ಯಾಹ್ನ ನನಗೂ ಅದು ಬಂತು. ಹೊಸ ಡಿಸ್ಕ್ ತರೋಣವೆಂದರೆ ಪುಣೆಯ ಅಂಗಡಿಕಾರರು ಉಂಡು ಮಲಗುವ ಹೊತ್ತು. ಅವರನ್ನು ಎಬ್ಬಿಸಿ ಬೈಸಿಕೊಳ್ಳುವ ಧೈರ್ಯ ನನಗಿಲ್ಲ. ನಾನೇ ಏನಾದರೂ ಮಾಡೋಣವೆಂದು ಡಿಸ್ಕನ್ನು ಭಾಗ ಮಾಡುವ ತಂತ್ರಾಂಶ ತೆರೆದೆ. ಸಿ ಮತ್ತು ಡಿ ನಡುವೆ, ಅಕ್ಷರವಾಗಲಿ ಹೆಸರಾಗಲಿ ಇಲ್ಲದ ಒಂದು ಕಪ್ಪು ತುಂಡು. ಅದನ್ನು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ನೋಡದಂತೆ ಇದ್ದೆ, ಅಷ್ಟೇ.

ಈ ಕಂಪ್ಯೂಟರನ್ನು ಸಿದ್ಧ ಮಾಡಿದ್ದು ನನ್ನ ಹೆಂಡತಿ ಸುನಂದಾ. ಧಾರವಾಡದವಳು, ವಿಮಾನ ನಗರದ ಆಫೀಸಿನಲ್ಲಿ ದಿನವಿಡೀ ಇದೇ ಕೆಲಸ. ನಾನು ಇದೇ ಪುಣೆಯ ಶಿವಾಜಿನಗರದಲ್ಲಿ ಗುಮಾಸ್ತ. ಪೆನ್ ಡ್ರೈವನ್ನು ಯಾವ ಕಡೆಯಿಂದ ತುರುಕಬೇಕೆಂದು ಇಂದಿಗೂ ತಿರುಗಿಸಿ ಮುರುಗಿಸಿ ನೋಡುವವನು. ಆಗ ಅವಳಿಗೆ ಏಳು ತಿಂಗಳು. ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತು, ಕಂಪ್ಯೂಟರಿಗೆ ಸಿ, ನನ್ನ ಸಿನಿಮಾಗಳಿಗೆ ಡಿ ಎಂದು ಹಂಚಿದಳು. ನಡುವಿನದನ್ನು ಖಾಲಿ ಬಿಟ್ಟಳು.

“ಇದ್ಯಾರದು?” ಎಂದೆ.

“ಕೂಸಿಂದು. ಫೋಟೋ, ವಿಡಿಯೋ ಭಾಳ ಆಗ್ತಾವ್ರಿ.”

ಹಾಗಾದರೆ ಹೆಸರನ್ನೂ ಬರೆದುಬಿಡೋಣ ಎಂದು ಕೀಬೋರ್ಡಿಗೆ ಕೈ ಹಾಕಿದೆ. ಅವಳು ಕೈ ಸರಿಸಿದಳು.

“ಕೂಸು ಹುಟ್ಟೂ ಮೊದಲ ಕುಲಾವಿ ಹೊಲಸಬಾರದ್ರಿ. ಹುಟ್ಟಲಿ, ಆಮ್ಯಾಲೆ ಹೆಸರು.”

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿದೆ. ಕೂಸು ಬರುವ ತನಕ ತೊಟ್ಟಿಲು ತರುವುದಿಲ್ಲ, ಅಂಗಿ ಕೊಳ್ಳುವುದಿಲ್ಲ. ಅತ್ತೆ ಕೂಸಿಗೆ ಹೊದಿಸುವ ಕೌದಿಗೆಂದು ಹಳೆಯ ಸೀರೆಯನ್ನೂ ಕತ್ತರಿಸಿರಲಿಲ್ಲ. ಈ ಶಾಸ್ತ್ರ ಡಿಸ್ಕಿಗೂ ಉಂಟೆಂದು ನನಗೆ ಮಾತ್ರ ಗೊತ್ತಿರಲಿಲ್ಲ. ಎಂಜಿನಿಯರ್ ಆದವಳ ಈ ಭಯವನ್ನು ಆಫೀಸಿನಲ್ಲೆಲ್ಲ ಹೇಳಿಕೊಂಡು ನಕ್ಕಿದ್ದೆ.

ದಿನ ತುಂಬಿ ಹುಟ್ಟಿದ್ದು ಹೆಣ್ಣು. ಅಳಲಿಲ್ಲ. ಉಸಿರೇ ಇರಲಿಲ್ಲ. “ಕಪಡೆ ಆಣ್ಲೇತ್ ಕಾ?” ಎಂದು ನರ್ಸ್ ಮೆಲ್ಲಗೆ ಕೇಳಿದಳು. ಬಟ್ಟೆ ಎಲ್ಲಿಂದ ತರಲಿ? ಸುನಂದಾಳ ದುಪಟ್ಟಾ ಕೊಟ್ಟೆ, ಅದರಲ್ಲೇ ಸುತ್ತಿದರು. ಅಷ್ಟೆಲ್ಲ ಎಚ್ಚರದಿಂದ ಇದ್ದೆವಲ್ಲ, ಏನನ್ನೂ ಮೊದಲೇ ಮಾಡಿರಲಿಲ್ಲವಲ್ಲ ಎಂಬ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ. ಮುಂದೆ ಮಕ್ಕಳಾಗಲಿಲ್ಲ. ಆ ಮಾತನ್ನೂ ನಾವು ಎತ್ತಲಿಲ್ಲ.

ಈ ಭಾನುವಾರ ಆ ಕಪ್ಪು ತುಂಡನ್ನು ಎಳೆದು ಸಿಗೆ ಸೇರಿಸಿದೆ. ‘ಅಪ್ಲೈ’ ಒತ್ತುವ ತನಕ ಏನೂ ಆಗುವುದಿಲ್ಲವೆಂದು ಅವಳೇ ಒಮ್ಮೆ ಹೇಳಿಕೊಟ್ಟಿದ್ದಳು. ಒತ್ತಲು ನನ್ನಿಂದ ಆಗಲಿಲ್ಲ.

“ಸ್ವಲ್ಪ ಅತ್ಲಾಗ ಸರೀರಿ,” ಎಂದಳು ಸುನಂದಾ. ಹಿಂದೆ ಯಾವಾಗ ಬಂದು ನಿಂತಿದ್ದಳೋ. ನನ್ನನ್ನು ಎಬ್ಬಿಸಿ ತಾನು ಕೂತು, ನಾನು ಮಾಡಿದ್ದನ್ನು ರದ್ದು ಮಾಡಿದಳು. ಕಪ್ಪು ತುಂಡನ್ನೇ ಹೊಸ ಡ್ರೈವ್ ಮಾಡಿದಳು. ಅಕ್ಷರ ಕೇಳಿತು, ಇ ಎಂದು ಕೊಟ್ಟಳು. ಹೆಸರು ಕೇಳಿತು. ಯೋಚಿಸದೆ ಬರೆದಳು: ಚಿನ್ಮಯಿ.

ಆ ಹೆಸರನ್ನು ನಾನು ನಮ್ಮ ಮನೆಯಲ್ಲಿ ಕೇಳಿಯೇ ಇರಲಿಲ್ಲ. “ಯಾವಾಗ ಇಟ್ಟಿದ್ದಿ?” ಎಂದೆ.

“ಹೊಟ್ಟಿ ಒಳಗ ಮೊದಲ ಸಲ ಒದ್ದಾಗ. ಯಾರಿಗೂ ಹೇಳಿದ್ದಿಲ್ಲ, ಮನಸ್ಸಿನಾಗ ಕರೀತಿದ್ದೆ.” “ಅದಕ್ಕ ಹಿಂಗಾತೇನ್ರಿ?” ಎಂದಳು.

ಅಲ್ಲ ಎಂದೆ. ಅಷ್ಟು ಸಣ್ಣ ಮಾತನ್ನು ಹೇಳಲು ಇಷ್ಟು ವರ್ಷ ಹಿಡಿಯಿತು. ಅವಳು ಕೇಳಿರಲಿಲ್ಲ, ನನಗೆ ತಿಳಿದಿರಲಿಲ್ಲ. ಅವಳು ಮೌಸನ್ನು ನನ್ನ ಕಡೆ ಸರಿಸಿದಳು. ಅಪ್ಲೈ ನಾನೇ ಒತ್ತಿದೆ.

ಈಗ ಕೂತು ನನ್ನ ಹಳೆಯ ಕಡತಗಳನ್ನು ಅಳಿಸುತ್ತಿದ್ದೇನೆ. ಸಿ ಇನ್ನೂ ಕೆಂಪಗೇ ಇದೆ. ಪಕ್ಕದಲ್ಲಿ ಚಿನ್ಮಯಿ, ಪೂರ್ತಿ ಖಾಲಿ.