ಒಳಕ್ಕೇ ತೆರೆಯಬೇಕಾದ ಗೇಟು

ಚನ್ನಪಟ್ಟಣದ ಹೆದ್ದಾರಿ ಪಕ್ಕ ವೆಲ್ಡಿಂಗ್ ಅಂಗಡಿ ಇಟ್ಟಿರುವ ಸಿದ್ದರಾಮು ಮಾಡಿದ ಗೇಟುಗಳು ಗಟ್ಟಿ. ಅವಕ್ಕಿಂತ ಅವನ ಕೈ ಗಟ್ಟಿ. ಇಪ್ಪತ್ತು ವರ್ಷಗಳಲ್ಲಿ ಇಬ್ಬರು ಮೇಸ್ತ್ರಿಗಳ ಮೂಗು, ಒಬ್ಬ ಲಾರಿ ಡ್ರೈವರನ ದವಡೆ, ಕೊನೆಗೆ ಸ್ವಂತ ಭಾವಮೈದನ ಮುಂಗೈ ಮುರಿದಿದ್ದ. ಅವತ್ತು ಹೆಂಡತಿ ಪುಟ್ಟಗೌರಮ್ಮ ಹೇಳಿಬಿಟ್ಟಳು: “ಇನ್ನೊಂದ್ ಸಲ ಯಾರ್ ಮ್ಯಾಲಾದ್ರೂ ಕೈ ಎತ್ತು, ಪುಟ್ಟೀನ ಕರ್ಕಂಡು ತವರಿಗೆ ಹೊಂಟೋಯ್ತೀನಿ. ವಾಪಸ್ ಬರಾಕಿಲ್ಲ.”

ಮಗಳು ಪುಟ್ಟಿಯನ್ನು ಬಿಟ್ಟಿರಲಾರದ ಸಿದ್ದರಾಮು ಆರು ತಿಂಗಳು ಕಬ್ಬಿಣವನ್ನು ಮಾತ್ರ ಬಡಿದ.

ಆಮೇಲೆ ಗೇಟು ಮಾಡಿಸಲು ಬಂದವನು ಕಬ್ಬಾಳಿನ ಕೆಂಪರಾಜು. ಪಂಚಾಯಿತಿ ಚುನಾವಣೆಯಲ್ಲಿ ಸೋತು, ಮನೆ ಮುಂದೆ ‘ಮಾಜಿ ಅಭ್ಯರ್ಥಿ’ ಎಂದು ಬೋರ್ಡು ಹಾಕಿಸಿಕೊಂಡವನು. ಅವನ ಹೊಸ ಮನೆಯ ಅಂಗಳ ಓಣಿಯಿಂದ ಒಳಕ್ಕೆ ಏರುತ್ತ ಹೋಗುತ್ತದೆ. ಒಳಕ್ಕೆ ತಳ್ಳಿದರೆ ಯಾವ ಗೇಟಾದರೂ ನೆಲಕ್ಕೆ ಕಚ್ಚಿಕೊಳ್ಳುತ್ತದೆ.

“ಹೊರಕ್ಕೆ ತೆಗಿಯೋ ಹಂಗೆ ಮಾಡಾನ, ಗೌಡ್ರೆ.”

“ಲಕ್ಷ್ಮಿ ಹೊರಕ್ಕೋಗ್ಲಿ ಅಂತಾನಾ? ಅಲ್ಲದೆ ಓಣಿ ನಮ್ಮಣ್ಣ ಮರಿಯಪ್ಪಂದು. ಗೇಟು ಒಂದಿಂಚು ಆಚೆ ಬಂದ್ರೆ ಟ್ರ್ಯಾಕ್ಟರ್ ಹತ್ತಿಸ್ತಾನೆ.”

ಉಳಿದದ್ದು ಒಂದೇ ದಾರಿ. ಮೇಲಿನ ಕೀಲನ್ನು ಓಣಿಯ ಕಡೆಗೆ ವಾಲಿಸಿದರೆ ಗೇಟು ತೆರೆಯುತ್ತ ತೆರೆಯುತ್ತ ತಾನೇ ಮೇಲೇಳುತ್ತದೆ. ಆದರೆ ಕೈಬಿಟ್ಟರೆ ಅಷ್ಟೇ ಜೋರಾಗಿ ಬಂದು ಮುಚ್ಚಿಕೊಳ್ಳುತ್ತದೆ. ಅದಕ್ಕೇ ಗೇಟು ಹಗುರ ಇರಲಿ, ಹಿಡಿದಿಡಲು ಒಳಗಡೆ ಕೊಂಡಿ ಇರಲಿ ಎಂದ ಸಿದ್ದರಾಮು.

“ಹಗುರ ಮಾಡಕ್ಕೆ ಇದೇನ್ ನಿಮ್ಮ ಕುರಿದೊಡ್ಡಿ ಏನ್ಲಾ? ದಪ್ಪ ತಗಡು ಹಾಕು. ಮ್ಯಾಲೆ ಎಲ್ಡು ಸಿಂಹ.”

ಸಿದ್ದರಾಮುವಿನ ಮುಷ್ಟಿ ಬಿಗಿಯಿತು. ಪುಟ್ಟಿಯನ್ನು ನೆನೆದು ಸಡಿಲ ಮಾಡಿದ.

ಗೇಟು ನಿಲ್ಲಿಸುವ ದಿನ ಬಣ್ಣ ಹೊಡೆಯಲು ಪುಟ್ಟಗೌರಮ್ಮನೂ ಬಂದಿದ್ದಳು. ರಾಹುಕಾಲಕ್ಕೆ ಐದು ನಿಮಿಷವಿತ್ತು.

“ಒಸಿ ತಡೀರಿ ಗೌಡ್ರೆ, ಕೊಂಡಿ ಇನ್ನೂ ನೆಟ್ಟಿಲ್ಲ.”

ಮಾಜಿ ಅಭ್ಯರ್ಥಿಗಳು ತಡೆಯಲಿಲ್ಲ. ಎದೆಯುಬ್ಬಿಸಿ ಗೇಟನ್ನು ಕೊನೆ ಮುಟ್ಟುವಂತೆ ಒಳಕ್ಕೆ ತಳ್ಳಿ, ತಿರುಗಿ, ಓಣಿಯಲ್ಲಿದ್ದ ನಾಲ್ಕು ಜನಕ್ಕೆ ಎರಡೂ ಕೈ ಜೋಡಿಸಿದರು. ಎರಡು ಸಿಂಹಗಳೂ ಹಿಂದಿನಿಂದ ಬಂದು ಬಡಿದವು. ಕೆಂಪರಾಜು ಕಲ್ಲಿನ ಮೇಲೆ ಮುಖ ಕೊಟ್ಟು ಬಿದ್ದ. ಎರಡು ಹಲ್ಲು ರಕ್ತದ ಜೊತೆ ಆಚೆ ಬಂದವು. ಗೇಟಿಗೆ ಸಿಕ್ಕಿಕೊಂಡ ಅವನ ಪಂಚೆ ಬಿಡಿಸಲು ಸಿದ್ದರಾಮು ಗೇಟನ್ನು ಮತ್ತೆ ಒಳಕ್ಕೆ ತಳ್ಳಿ, ಎರಡೂ ಕೈಯಲ್ಲಿ ಹಿಡಿದು ನಿಂತ.

ಓಣಿಯಲ್ಲಿ ಟ್ರ್ಯಾಕ್ಟರಿನ ಮೇಲಿದ್ದ ಮರಿಯಪ್ಪ ನಕ್ಕ. “ನಮ್ ತಮ್ಮ ಮಕಾಡೆ ಬಿದ್ದ ಕಣ್ರಲಾ! ಇದು ಎಲ್ಡನೇ ಸಲ!”

ಕೆಂಪರಾಜು ಎದ್ದು, ಗೇಟು ನಿಲ್ಲಿಸಲು ತಂದಿದ್ದ ಹಾರೆ ಹಿಡಿದ. ಅಣ್ಣನನ್ನು ಕೆಳಕ್ಕೆಳೆದು, ಗೇಟಿನ ತನಕ ಅಟ್ಟಿಸಿಕೊಂಡು ಬಂದು, ಮೊಣಕಾಲಿಗೆ ಬಿಟ್ಟ. ಮೂಳೆಯ ಸದ್ದು ಕೇಳಿಸಿತು. ಮರಿಯಪ್ಪ ಬಿದ್ದದ್ದು ಗೇಟು ಬಂದು ಮುಚ್ಚುವ ಜಾಗಕ್ಕೆ ಅಡ್ಡಲಾಗಿ, ತಲೆ ಕಲ್ಲುಕಂಬದ ಬುಡಕ್ಕೆ.

“ನಿನ್ನಿಂದ್ಲೇ ಕಣ್ಲಾ ಇದೆಲ್ಲ!” ಎಂದು ಕೆಂಪರಾಜು ಸಿದ್ದರಾಮುವಿನ ಬೆನ್ನಿಗೊಂದು ಹಾಕಿದ. ಎರಡನೆಯದು ಕಿವಿಗೆ; ಕಿವಿ ಹರಿದು ಜೋತುಬಿತ್ತು. ಸಿದ್ದರಾಮು ಗೇಟು ಬಿಡಲಿಲ್ಲ; ಬಿಟ್ಟರೆ ಅದು ಮರಿಯಪ್ಪನ ತಲೆಗೇ. ಮೂರನೆಯದು ಬಲಭುಜಕ್ಕೆ; ಮೂಳೆ ಮುರಿಯಿತು. ಅಷ್ಟರಲ್ಲಿ ಪುಟ್ಟಗೌರಮ್ಮ ಓಡಿಬಂದು ಮರಿಯಪ್ಪನ ಕಾಲು ಹಿಡಿದು ಆಚೆಗೆ ಎಳೆದಳು. ಸಿದ್ದರಾಮುವಿನ ಕೈ ಜಾರಿ ಗೇಟು ಧಡಾರನೆ ಮುಚ್ಚಿಕೊಂಡಿತು. ಜನ ಕೆಂಪರಾಜುವನ್ನು ಅಮುಕಿ ಹಿಡಿದರು.

ರಾಮನಗರದ ಆಸ್ಪತ್ರೆಯಲ್ಲಿ, ಕೈಯನ್ನು ಎದೆಗೆ ಕಟ್ಟಿಸಿಕೊಂಡು ಮಲಗಿದ ಗಂಡನನ್ನು ಪುಟ್ಟಗೌರಮ್ಮ ಕೇಳಿದಳು:

“ಗೇಟ್ ಬುಟ್ ಮ್ಯಾಲಾದ್ರೂ ಹೊಡೀಬೋದಿತ್ತು. ಯಾಕ್ ಹೊಡೀಲಿಲ್ಲ?”

ಅಷ್ಟು ಏಟು ತಿಂದರೂ ತಿರುಗಿ ಹೊಡೆಯದ ಅವನನ್ನು ಈಗ ಊರೆಲ್ಲ ಸಾಧು ಎನ್ನುತ್ತಿತ್ತು. ‘ನಿನ್ ಮಾತಿಗೆ’ ಎಂದಿದ್ದರೆ ಮುಗಿದಿತ್ತು.

“ಎತ್ತಕ್ ಹೋದೆ ಕಣಮ್ಮಿ. ಕೈ ಏಳಲಿಲ್ಲ.”

ಅವಳು ಅವನ ಕೈಕಟ್ಟನ್ನು ಸರಿಮಾಡಿದಳು.

“ಮೂಳೆ ಕೂಡೋಗಂಟ ಇರ್ತೀನಿ. ಆಮ್ಯಾಕೆ ನೋಡಾನ.”

ಡಾಕ್ಟರು ಬಂದಾಗ ಸಿದ್ದರಾಮು ಒಂದೇ ಮಾತು ಕೇಳಿಕೊಂಡ: “ಬೇಗ ಏನೂ ಬ್ಯಾಡ ಸ್ವಾಮಿ. ನಿಧಾನಕ್ಕೇ ಕೂಡ್ಲಿ.”